ಕಾಫಿ ಹುದುಗು ತೊಟ್ಟಿಗೆ ಪಿಎಚ್ ಸೆನ್ಸರ್: ಕೂರಿಸುವುದು, ನಂಬುವುದು, ಅಲಾರಂ ಮತ್ತು ಸುಣ್ಣದ ಪಂಪ್‌ಗೆ ಜೋಡಿಸುವುದು

ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದಿಂದ ಬಂದ ಕಾಫಿ ಬೀಜಕ್ಕೆ ಅಂಟಿದ ಲೋಳೆ ಬಿಡಲೆಂದು ಅದನ್ನು ತೊಟ್ಟಿಯಲ್ಲಿ ಹುದುಗಿಸುತ್ತೇವೆ. ಹುಳಿ ಏರಿದಷ್ಟೂ ಪಿಎಚ್ ಅಂಕಿ ಇಳಿಯುತ್ತದೆ. ಮೂಡಿಗೆರೆ, ಸಕಲೇಶಪುರ, ಆಲ್ದೂರು ಕಡೆಯ ಪಲ್ಪರ್ ಶೆಡ್‌ಗಳಲ್ಲಿ ಪಿಎಚ್ ಸೆನ್ಸರ್ ಹಾಕಿದವರಿಗೆ ಎದುರಾಗುವ ತೊಂದರೆ ಒಂದೇ ಬಗೆಯದು. ಮೊದಲ ತೊಟ್ಟಿಗೆ ಅಂಕಿ ಚೆನ್ನಾಗಿಯೇ ಇಳಿಯುತ್ತದೆ. ಮೂರನೇ ತೊಟ್ಟಿ ಹೊತ್ತಿಗೆ 5.2ರಲ್ಲಿ ನಿಂತುಬಿಡುತ್ತದೆ. ಅಲಾರಂ ಹೊಡೆಯುವುದಿಲ್ಲ, ಬೆಳಿಗ್ಗೆ ಬಂದು ನೋಡಿದರೆ ಪಾರ್ಚ್‌ಮೆಂಟ್ (ತೆಳು ಹೊಟ್ಟಿನೊಳಗಿನ ಬೀಜ) ಹುಳಿ ವಾಸನೆ ಹೊಡೆಯುತ್ತಿರುತ್ತದೆ. ಇಲ್ಲವೇ ತದ್ವಿರುದ್ಧ: ಅಲಾರಂ ನಂಬಿ ತೊಳೆದರೆ ಲೋಳೆ ಇನ್ನೂ ಬಿಟ್ಟಿರುವುದಿಲ್ಲ. ಎರಡೂ ಕಡೆ ತಪ್ಪಿರುವುದು ಬಹುಪಾಲು ಕೆಲಸದ ಕ್ರಮದಲ್ಲಿ. ಜನ ಮೊದಲು ಮೊಬೈಲ್ ಆ್ಯಪ್ ಜೋಡಿಸುತ್ತಾರೆ, ಆಮೇಲೆ ಸೆನ್ಸರ್ ಎಲ್ಲಿಡಬೇಕೆಂದು ಯೋಚಿಸುತ್ತಾರೆ. ಅದನ್ನು ತಿರುವಿ ಹಾಕಬೇಕು.

ಈ ಬರಹ ಅರೇಬಿಕಾ ಪಾರ್ಚ್‌ಮೆಂಟ್ ಮಾಡುವವರಿಗೆ. ರೊಬಸ್ಟಾ ಲೋಳೆ ದಪ್ಪ. ಅರೇಬಿಕಾಗೆ ಸಹಜ ಹುದುಗುವಿಕೆಯಲ್ಲಿ 24ರಿಂದ 36 ಗಂಟೆ ಸಾಕಾದರೆ ರೊಬಸ್ಟಾಗೆ 72 ಗಂಟೆಯವರೆಗೂ ಹೋಗುತ್ತದೆ. ಜೋಡಣೆ ಎರಡಕ್ಕೂ ಒಂದೇ, ಆದರೆ ಅಂಕಿಗಳನ್ನು ರೊಬಸ್ಟಾಗೆ ಹಾಗೇ ಎತ್ತಿಕೊಳ್ಳಬೇಡಿ.

ಶುರುಮಾಡುವ ಮುಂಚೆಯೇ ಒಂದು ಮಾತು ಗಟ್ಟಿ ಮಾಡಿಕೊಳ್ಳಿ. ತೊಟ್ಟಿ ಹತ್ತಿರ ಯಾವಾಗ ಹೋಗಬೇಕು ಎನ್ನುವುದನ್ನು ಮೀಟರ್ ಹೇಳುತ್ತದೆ. ತೊಳೆಯಬೇಕೋ ಬೇಡವೋ ಎನ್ನುವುದನ್ನು ಕೈಯೇ ಹೇಳಬೇಕು. ಬೀಜವನ್ನು ಮುಷ್ಟಿಯಲ್ಲಿ ಹಿಡಿದು ಹಿಸುಕಿದಾಗ ಜಾರದೆ ಗರಗರ ಎಂದರೆ, ಕೋಲು ಚುಚ್ಚಿ ತೆಗೆದಾಗ ತೂತು ಮುಚ್ಚಿಕೊಳ್ಳದೆ ಹಾಗೇ ನಿಂತರೆ, ಲೋಳೆ ಬಿಟ್ಟಿದೆ ಎಂದರ್ಥ. ಈ ಪರೀಕ್ಷೆಯನ್ನು ಯಾವ ಸೆನ್ಸರೂ ತೆಗೆದುಹಾಕುವುದಿಲ್ಲ.

ಬೇಕಾಗುವ ಸಾಮಾನು

ಪಿಎಚ್ ಎಲೆಕ್ಟ್ರೋಡ್: ಕೈಗಾರಿಕೆ ಬಳಕೆಯ, ಡಬಲ್ ಜಂಕ್ಷನ್ ಇರುವ ಕಾಂಬಿನೇಶನ್ ಎಲೆಕ್ಟ್ರೋಡ್. ದ್ರವದಲ್ಲಿ ಅದ್ದುವ ಅಳತೆಯ ಕಡ್ಡಿ ಇದು; ಜಂಕ್ಷನ್ ಎಂದರೆ ಅದರೊಳಗಿನ ದ್ರಾವಣ ಹೊರಗಿನ ದ್ರವಕ್ಕೆ ತಾಗುವ ಸೂಕ್ಷ್ಮ ಕಿಂಡಿ. ಶಾಲೆಯ ಲ್ಯಾಬಿನಲ್ಲಿ ಬಳಸುವ ತೆಳು ಗಾಜಿನದು ಬೇಡ. ಅದರ ಸಣ್ಣ ಜಂಕ್ಷನ್ ರಂಧ್ರ ಲೋಳೆಯಿಂದ ಬೇಗ ಕಟ್ಟಿಕೊಳ್ಳುತ್ತದೆ. ಉಂಗುರದಂಥ ಟೆಫ್ಲಾನ್ ಜಂಕ್ಷನ್ ಇರುವುದು ಸಿಕ್ಕರೆ ಎರಡು ಮಾತಿಲ್ಲದೆ ಅದನ್ನೇ ತೆಗೆದುಕೊಳ್ಳಿ.

ಟ್ರಾನ್ಸ್‌ಮಿಟರ್: ವಿದ್ಯುತ್ ಪ್ರತ್ಯೇಕತೆ, ಅಂದರೆ ಐಸೊಲೇಶನ್ ಇರುವ, ಎಲೆಕ್ಟ್ರೋಡಿನ ಸಂಕೇತವನ್ನು ತಂತಿಯಲ್ಲಿ ದೂರಕ್ಕೆ ಕಳಿಸುವ ಆರ್‌ಎಸ್-485 ಔಟ್‌ಪುಟ್ ಇರುವ ಪಿಎಚ್ ಟ್ರಾನ್ಸ್‌ಮಿಟರ್. ಹಣ ಉಳಿಸಬಾರದ ಜಾಗ ಇದು. ಬರಿಯ ಅನಲಾಗ್ ಬೋರ್ಡ್ ಅಗ್ಗ, ನಿಜ. ಆದರೆ ಅದರ 5 ವೋಲ್ಟ್ ಔಟ್‌ಪುಟ್ ಅನ್ನು 3.3 ವೋಲ್ಟ್ ತಡೆಯುವ ಇಎಸ್‌ಪಿ-32 (ಇಡೀ ಜೋಡಣೆಯನ್ನು ನಡೆಸುವ, ವೈಫೈ ಇರುವ ಸಣ್ಣ ಬೋರ್ಡ್) ಪಿನ್ನಿಗೆ ನೇರ ಕೊಟ್ಟರೆ ಚಿಪ್ ಹೋಗುತ್ತದೆ. ಜೊತೆಗೆ ವೈಫೈ ಚಾಲೂ ಇದ್ದಾಗ ಆ ಚಿಪ್ಪಿನ ಎರಡನೇ ಎಡಿಸಿಯ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ಪಿನ್ನುಗಳು ಓದುವುದೇ ಇಲ್ಲ.

ತಾಪಮಾನ ಸೆನ್ಸರ್: ನೀರು ತಡೆಯುವ ಸ್ಟೀಲ್ ಕೊಳವೆಯ ಡಿಎಸ್18ಬಿ20 ಸಾಕು. ಮೈನಸ್ 10ರಿಂದ 85 ಡಿಗ್ರಿ ಒಳಗೆ ಅರ್ಧ ಡಿಗ್ರಿ ಆಚೀಚೆ ತೋರಿಸುತ್ತದೆ. ಡೇಟಾ ತಂತಿಗೂ 3.3 ವೋಲ್ಟ್‌ಗೂ ನಡುವೆ 4.7 ಕಿಲೋಓಮ್ ರೆಸಿಸ್ಟರ್ ಬೇಕು.

ಉಳಿದವು: ಇಎಸ್‌ಪಿ-32 ಬೋರ್ಡ್, ಆರ್‌ಎಸ್-485 ಮಾಡ್ಯೂಲ್, ಡಿಎಸ್3231 ಗಡಿಯಾರ ಮಾಡ್ಯೂಲ್, ಮೆಮೊರಿ ಕಾರ್ಡ್ ಮಾಡ್ಯೂಲ್, 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ ಮತ್ತು ಚಾರ್ಜರ್, 12 ವೋಲ್ಟ್ ಸೈರನ್, ಐಪಿ-65 ಡಬ್ಬಿ, ಕೇಬಲ್ ಗ್ಲ್ಯಾಂಡ್, 75 ಮಿಲಿಮೀಟರ್ ಪಿವಿಸಿ ಪೈಪ್, ಸ್ಟೀಲ್ ಜಾಲರಿ.

ಪರೀಕ್ಷೆಗೆ: ಕೈಯಲ್ಲಿ ಹಿಡಿಯುವ ಬೇರೆ ಒಂದು ಪಿಎಚ್ ಮೀಟರ್, ಮಲ್ಟಿಮೀಟರ್, 4.01 ಮತ್ತು 7.00 ಬಫರ್ ದ್ರಾವಣ (ಪಿಎಚ್ ಮೊದಲೇ ಗೊತ್ತಿರುವುದು), ಡಿಸ್ಟಿಲ್ಡ್ ವಾಟರ್, ಮೆತ್ತನೆ ಬ್ರಷ್, 3 ಮೋಲಾರ್ ಪೊಟ್ಯಾಶಿಯಂ ಕ್ಲೋರೈಡ್ ದ್ರಾವಣ. ಕೊನೆಯದನ್ನು ಮನೆಯಲ್ಲೇ ಮಾಡಬಹುದು: ಲ್ಯಾಬ್ ದರ್ಜೆಯ ಪುಡಿ 22.4 ಗ್ರಾಂ ತೂಗಿ, ಡಿಸ್ಟಿಲ್ಡ್ ವಾಟರ್ ಸೇರಿಸಿ 100 ಮಿಲಿಲೀಟರ್‌ಗೆ ತನ್ನಿ. ಗೊಬ್ಬರದ ಗೋದಾಮಿನಲ್ಲಿರುವ ಎಂಒಪಿ ಕೂಡ ಪೊಟ್ಯಾಶಿಯಂ ಕ್ಲೋರೈಡೇ ಆದರೂ ಅದನ್ನು ಮುಟ್ಟಬೇಡಿ. ಅದರಲ್ಲಿರುವ ಕೆಂಪು ಕಬ್ಬಿಣದ ಕಲ್ಮಷ ಜಂಕ್ಷನ್ನಿಗೆ ಹೋಗಿ ಕೂರುತ್ತದೆ.

ಎಲೆಕ್ಟ್ರೋಡನ್ನು ಅಕ್ಟೋಬರ್‌ನಲ್ಲಿ ಕೊಳ್ಳಿ. ಬೇಸಿಗೆಯಲ್ಲಿ ಕಡಿಮೆ ಬೆಲೆಗೆ ಸಿಕ್ಕಿತೆಂದು ತಂದಿಟ್ಟರೆ ಡಬ್ಬಿಯಲ್ಲೇ ವಯಸ್ಸಾಗುತ್ತದೆ.

ಹಂತ 1: ಎಲೆಕ್ಟ್ರೋಡ್ ಎಲ್ಲಿರಬೇಕು

ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲೇ. ಎಲೆಕ್ಟ್ರೋಡ್ ದ್ರವವನ್ನು ಅಳೆಯುತ್ತದೆ, ಬೀಜದ ರಾಶಿಯನ್ನಲ್ಲ. ಬೀಜದ ನಡುವೆ ನೇರವಾಗಿ ಚುಚ್ಚಿದರೆ ಗಾಜಿನ ಬುರುಡೆ ಒಡೆಯುತ್ತದೆ, ಇಲ್ಲವೇ ಅದಕ್ಕೆ ದ್ರವವೇ ತಾಗದೆ ಅಂಕಿ ಅಲೆದಾಡುತ್ತದೆ.

ನೀರು ತುಂಬಿಸಿ ಹುದುಗಿಸುವವರು ಹೀಗೆ ಮಾಡಿ. ಪಿವಿಸಿ ಪೈಪಿಗೆ ಕೆಳಗಿನ ಅರ್ಧ ಮೀಟರ್ ಉದ್ದಕ್ಕೂ 10 ಮಿಲಿಮೀಟರ್ ತೂತು ಕೊರೆದು, ಒಳಗಡೆಯಿಂದ ಬೀಜ ನುಸುಳದಷ್ಟು ಸಣ್ಣ ಕಣ್ಣಿನ, 3ರಿಂದ 4 ಮಿಲಿಮೀಟರ್ ಜಾಲರಿ ಸುತ್ತಿ. ಪೈಪನ್ನು ತೊಟ್ಟಿಯ ಗೋಡೆಯಿಂದ ಒಂದಡಿಯಾದರೂ ದೂರದಲ್ಲಿ ನೆಟ್ಟಗೆ ನಿಲ್ಲಿಸಿ ಮೇಲೆ ಕ್ಲಾಂಪ್ ಹಾಕಿ. ಎಲೆಕ್ಟ್ರೋಡಿನ ತುದಿ ನೀರಿನ ಮಟ್ಟದಿಂದ 30 ಸೆಂಟಿಮೀಟರ್ ಕೆಳಗಿರಲಿ. ನೊರೆಯಲ್ಲಿ ತೇಲಬಾರದು, ತಳದ ಕೆಸರಿಗೂ ತಾಗಬಾರದು. ಬುರುಡೆ ಕೆಳಮುಖವಾಗಿಯೇ ಇರಬೇಕು. ಪೂರ್ತಿ ಅಡ್ಡ ಮಲಗಿಸಿದರೆ ಒಳಗಿನ ಗಾಳಿಗುಳ್ಳೆ ಬುರುಡೆಯ ಬಳಿ ಬಂದು ಸಂಪರ್ಕ ಕಡಿಯುತ್ತದೆ. ವಾಲಿಸಲೇಬೇಕಾದರೆ ಅಡ್ಡಮಟ್ಟದಿಂದ 15 ಡಿಗ್ರಿಗಿಂತ ಹೆಚ್ಚು ಏರಿಸಿರಿ.

ಪೈಪಿನೊಳಗೆ ನಿಂತ ದ್ರವ ಹೊರಗಿನದಕ್ಕಿಂತ ಹಿಂದೆ ಬೀಳುತ್ತದೆ. ಅದಕ್ಕೆ ಎರಡು ಪರಿಹಾರ. ಒಂದೋ ನಾಲ್ಕು ಗಂಟೆಗೊಮ್ಮೆ ತೊಟ್ಟಿ ಕಲಕುವಾಗ ಪೈಪಿನ ಸುತ್ತಲೂ ಚೆನ್ನಾಗಿ ಕಲಕಿ. ಇಲ್ಲವೇ ಪೈಪಿನ ತಳದಿಂದ ಮೇಲಕ್ಕೆ ದ್ರವ ಎತ್ತುವ 12 ವೋಲ್ಟ್‌ನ ಸಣ್ಣ ಪಂಪನ್ನು ಗಂಟೆಗೆ ಎರಡು ನಿಮಿಷ ಓಡಿಸಿ.

ನೀರಿಲ್ಲದೆ ಒಣ ಹುದುಗು ಮಾಡುವ ಕಡೆ ಪೈಪ್ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ತೊಟ್ಟಿಯ ತಳದ ಬಚ್ಚಲಿನಿಂದ ಒಸರುವ ಲೋಳೆನೀರನ್ನು ಒಂದು ಸಣ್ಣ ಡಬ್ಬಿಗೆ ಬಿಟ್ಟು, ತುಂಬಿ ಹರಿಯುವಂತೆ ಮಾಡಿ, ಎಲೆಕ್ಟ್ರೋಡನ್ನು ಅದರಲ್ಲಿ ಇಳಿಬಿಡಿ. ತಾಪಮಾನ ಸೆನ್ಸರ್ ಮಾತ್ರ ರಾಶಿಯ ನಡುಮಧ್ಯದಲ್ಲಿರಲಿ. ಡಿಸೆಂಬರ್ ರಾತ್ರಿಯ ಚಳಿಗೆ ಬಾಬಾಬುಡನ್‌ಗಿರಿ ಆಸುಪಾಸಿನ ಎತ್ತರದ ತೋಟಗಳಲ್ಲಿ ರಾಶಿಯ ಅಂಚು ತಣ್ಣಗಾಗಿ ನಡು ಮಾತ್ರ ಬೆಚ್ಚಗಿರುತ್ತದೆ. ಅಂಚಿನ ಬೀಜಕ್ಕೆ ಲೋಳೆ ಬಿಡುವುದು ತಡ. ಅದಕ್ಕೇ ಗೋಣಿ ಹೊದಿಸುವುದು, ಅದಕ್ಕೇ ಕೈಪರೀಕ್ಷೆಯನ್ನು ನಡುವೆ ಮತ್ತು ಮೂಲೆ ಎರಡೂ ಕಡೆ ಮಾಡಬೇಕಾದದ್ದು.

ಹಂತ 2: ಕರೆಂಟು ಮತ್ತು ತಂತಿ

ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ಜನ ಓಡಾಡುವ ಜಾಗ ಇದು. ತೊಟ್ಟಿಯ ಹತ್ತಿರ 12 ವೋಲ್ಟ್ ಡಿಸಿ ಬಿಟ್ಟು ಬೇರೇನೂ ಬರಕೂಡದು. 230 ವೋಲ್ಟ್ ಚಾರ್ಜರ್ ಗೋಡೆಯ ಆಚೆ ಒಣಗಿದ ಕಡೆ, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್) ಹಿಂದೆ ಇರಲಿ. ಈ ಜೋಡಣೆ ಸುಮಾರು 2 ವ್ಯಾಟ್ ಎಳೆಯುತ್ತದೆ. 7 ಆಂಪಿಯರ್-ಅವರ್ ಬ್ಯಾಟರಿಯನ್ನು ಅರ್ಧದವರೆಗೆ ಮಾತ್ರ ಖಾಲಿ ಮಾಡಿದರೂ ಒಂದು ರಾತ್ರಿ ಕರೆಂಟ್ ಇಲ್ಲದೆ ಕಳೆಯಬಹುದು.

ಎಲೆಕ್ಟ್ರೋಡಿನಿಂದ ಟ್ರಾನ್ಸ್‌ಮಿಟರ್‌ವರೆಗಿನ ತಂತಿ ಆದಷ್ಟು ಗಿಡ್ಡ. ಗಾಜಿನ ಬುರುಡೆಯ ಒಳರೋಧ ನೂರಾರು ಮೆಗಾಓಮ್‌ವರೆಗೂ ಇರುವುದರಿಂದ, ತಂತಿ ತುದಿಯ ಬಿಎನ್‌ಸಿ ಜೋಡಣೆಯ ಮೇಲೆ ಬೆರಳಿನ ಬೆವರು ಕೂತರೂ ಸಂಕೇತ ಸೋರಿಹೋಗುತ್ತದೆ. ಪಿಎಚ್ ಏನೇ ಇದ್ದರೂ ಅಂಕಿ 7ರ ಕಡೆಗೆ ಎಳೆಯುತ್ತಿದ್ದರೆ ಮೊದಲು ಈ ಜೋಡಣೆ ಒದ್ದೆಯೇ ಎಂದು ನೋಡಿ. ಡಬ್ಬಿಯೊಳಗೆ ಸಿಲಿಕಾ ಜೆಲ್ ಚೀಲ ಇಡಿ. ಟ್ರಾನ್ಸ್‌ಮಿಟರ್‌ನಿಂದ ಮುಂದಕ್ಕೆ ಆರ್‌ಎಸ್-485 ತಂತಿ ನೂರಾರು ಮೀಟರ್ ಹೋದರೂ ಅಡ್ಡಿಯಿಲ್ಲ. ಉದ್ದವಾದರೆ ಎರಡು ತುದಿಗೂ 120 ಓಮ್ ರೆಸಿಸ್ಟರ್ ಹಾಕಿ. ಉತ್ತರವೇ ಬರುತ್ತಿಲ್ಲವೆಂದರೆ ಎ ಮತ್ತು ಬಿ ತಂತಿ ಅದಲುಬದಲು ಮಾಡಿ ನೋಡಿ.

ಪಂಪ್ ಚಾಲೂ ಮಾಡಿದ ಕೂಡಲೇ ಪಿಎಚ್ ಜಿಗಿದು, ಆಫ್ ಮಾಡಿದ ಕೂಡಲೇ ಮರಳಿದರೆ ಮೋಟರ್‌ನಿಂದ ನೀರಿಗೆ ವಿದ್ಯುತ್ ಸೋರುತ್ತಿದೆ ಎನ್ನುವ ಗುಮಾನಿ ಬರಬೇಕು. ಇದನ್ನು ಸೆನ್ಸರ್ ಸಮಸ್ಯೆಯೆಂದು ಬಿಡಬೇಡಿ. ಮುಖ್ಯ ಸ್ವಿಚ್ ಆರಿಸಿ, ಎಲೆಕ್ಟ್ರಿಷಿಯನ್‌ನಿಂದ ಅರ್ಥಿಂಗ್ ನೋಡಿಸಿ. ಜೀವದ ಪ್ರಶ್ನೆ.

ಹಂತ 3: ಕ್ಯಾಲಿಬ್ರೇಶನ್

ಅಂದರೆ ಬಫರ್‌ಗೆ ಹೋಲಿಸಿ ಮೀಟರ್ ಸರಿಮಾಡುವುದು. ಬಫರ್ ದ್ರಾವಣವನ್ನು ಸಣ್ಣ ಲೋಟಕ್ಕೆ ಬಗ್ಗಿಸಿಕೊಳ್ಳಿ. ಬಾಟಲಿಯೊಳಗೇ ಅದ್ದಬೇಡಿ, ಬಳಸಿದ್ದನ್ನು ಮರಳಿ ಸುರಿಯಬೇಡಿ. ಮೊದಲು 7.00, ಆಮೇಲೆ ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು 4.01. ಬುರುಡೆಯನ್ನು ಬಟ್ಟೆಯಿಂದ ಉಜ್ಜದೆ, ಟಿಶ್ಯೂ ತಾಗಿಸಿ ಹನಿ ಹೀರಿಸಿ. ಹುದುಗು ತೊಟ್ಟಿಗೆ 10.01 ಬಫರ್ ಬೇಕಿಲ್ಲ.

ಟ್ರಾನ್ಸ್‌ಮಿಟರ್ ಮಿಲಿವೋಲ್ಟ್ ತೋರಿಸುವುದಾದರೆ ಪ್ರತಿ ಸಲವೂ ಬರೆದಿಡಿ. 25 ಡಿಗ್ರಿಯಲ್ಲಿ 7.00 ಬಫರ್‌ನಲ್ಲಿ ಸೊನ್ನೆಯಿಂದ 30 ಮಿಲಿವೋಲ್ಟ್ ಆಚೀಚೆ ಒಳಗಿರಬೇಕು. 4.01ರಲ್ಲಿ ಅದಕ್ಕಿಂತ ಸುಮಾರು 177 ಮಿಲಿವೋಲ್ಟ್ ಹೆಚ್ಚು ಬರಬೇಕು. ವ್ಯತ್ಯಾಸ 165ಕ್ಕೆ ಇಳಿದರೆ ಸ್ವಚ್ಛ ಮಾಡುವ ಕಾಲ. ಸ್ವಚ್ಛ ಮಾಡಿದ ಮೇಲೂ 155 ದಾಟದಿದ್ದರೆ ಎಲೆಕ್ಟ್ರೋಡ್ ಬದಲಿಸಿ. ಕ್ಯಾಲಿಬ್ರೇಶನ್ ಬಟನ್ ಒತ್ತಿದರೆ ಮುಗಿದುಹೋದ ಎಲೆಕ್ಟ್ರೋಡ್ ಕೂಡ ಒಂದು ಗಳಿಗೆ ಸರಿಯಾದ ಅಂಕಿ ತೋರಿಸುತ್ತದೆ; ಮಿಲಿವೋಲ್ಟ್ ಮಾತ್ರ ನಿಜ ಹೇಳುತ್ತದೆ.

ತಾಪಮಾನದ ಲೆಕ್ಕ ನಮ್ಮ ಕಡೆ ಬಿಡುವಂತಿಲ್ಲ. ಎಲೆಕ್ಟ್ರೋಡ್ 25 ಡಿಗ್ರಿಯಲ್ಲಿ ಪ್ರತಿ ಪಿಎಚ್‌ಗೆ 59.2 ಮಿಲಿವೋಲ್ಟ್ ಕೊಟ್ಟರೆ, 15 ಡಿಗ್ರಿಯಲ್ಲಿ 57.2 ಮಾತ್ರ ಕೊಡುತ್ತದೆ. ಮೀಟರ್ 25 ಎಂದೇ ಭಾವಿಸಿದ್ದರೆ, ದ್ರವದ ಪಿಎಚ್ ನಿಜವಾಗಿ 4.30 ಆಗಿದ್ದಾಗ 4.39 ತೋರಿಸುತ್ತದೆ. ಹುದುಗಿನ ಕೊನೆಯಲ್ಲಿ ಇಷ್ಟು ತಪ್ಪು ಒಂದೆರಡು ಗಂಟೆಯ ತಡಕ್ಕೆ ಸಮ. ಅದಕ್ಕಾಗಿ ತಾಪಮಾನದ ಸರಿಹೊಂದಿಕೆಯನ್ನು ಆನ್ ಇಡಿ, ಕ್ಯಾಲಿಬ್ರೇಶನ್ ವೇಳೆ ಬಫರ್‌ನ ತಾಪಮಾನವನ್ನೂ ಅಳೆಯಿರಿ. 7.00 ಬಫರ್ 15 ಡಿಗ್ರಿಯಲ್ಲಿ 7.04 ಆಸುಪಾಸು ಇರುತ್ತದೆ. ಬಾಟಲಿಯ ಮೇಲಿನ ಪಟ್ಟಿ ನೋಡಿ ಆ ಅಂಕಿ ಕೊಡಿ.

ಎಷ್ಟು ದಿನಕ್ಕೊಮ್ಮೆ? ಕೊಯ್ಲಿನ ಕಾಲದಲ್ಲಿ ಪ್ರತಿ ತೊಟ್ಟಿಗೂ ಮುಂಚೆ 4.01ರಲ್ಲಿ ಅದ್ದಿ ನೋಡಿ. 0.1ಕ್ಕಿಂತ ಹೆಚ್ಚು ತಪ್ಪಿದರೆ ಮಾತ್ರ ಪೂರ್ತಿ ಕ್ಯಾಲಿಬ್ರೇಶನ್.

ಹಂತ 4: ಪ್ರತಿ ತೊಟ್ಟಿ ಮುಗಿದ ಮೇಲೆ ಸ್ವಚ್ಛತೆ

ಆರಂಭದಲ್ಲಿ ಹೇಳಿದ "5.2ರಲ್ಲಿ ನಿಂತುಬಿಟ್ಟಿತು" ಎಂಬುದರ ಕಾರಣ ಇಲ್ಲಿದೆ. ಲೋಳೆಯಲ್ಲಿರುವ ಅಂಟು ಪೆಕ್ಟಿನ್‌ನ ಪದರ ಬುರುಡೆಯ ಮೇಲೆ ಒಣಗಿ ಅಂಟಿಕೊಂಡರೆ ಒಳಗೆ ಸಿಕ್ಕಿಬಿದ್ದ ಹಳೆಯ ದ್ರವವನ್ನೇ ಎಲೆಕ್ಟ್ರೋಡ್ ಅಳೆಯುತ್ತಿರುತ್ತದೆ.

ತೊಟ್ಟಿ ತೊಳೆಯಲು ಜನ ಇಳಿಯುವ ಮುಂಚೆಯೇ ಎಲೆಕ್ಟ್ರೋಡ್ ಎತ್ತಿಬಿಡಿ. ಸಲಿಕೆ ಏಟಿಗೆ, ಪೈಪಿನ ನೀರಿನ ರಭಸಕ್ಕೆ ಒಡೆದವೇ ಹೆಚ್ಚು. ಎತ್ತಿದ ಕೂಡಲೇ, ಒಣಗಲು ಬಿಡದೆ, ಉಗುರು ಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ಹತ್ತು ನಿಮಿಷ ಅದ್ದಿ, ಮೆತ್ತನೆ ಬ್ರಷ್‌ನಲ್ಲಿ ಮೃದುವಾಗಿ ತೊಳೆಯಿರಿ. ವಾರಕ್ಕೊಮ್ಮೆ 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹದಿನೈದು ನಿಮಿಷ ಇಡಿ. ಇದು ತಯಾರು ಸಿಗುತ್ತದೆ. ಸಾಂದ್ರ ಆಮ್ಲದಿಂದ ಮಾಡುವುದಾದರೆ ಲೀಟರಿಗೆ 8.3 ಮಿಲಿಲೀಟರ್ ಬೇಕು. ಆಮ್ಲವನ್ನು ನೀರಿಗೆ ಸುರಿಯಬೇಕೇ ಹೊರತು ನೀರನ್ನು ಆಮ್ಲಕ್ಕಲ್ಲ, ಕನ್ನಡಕ ಕಡ್ಡಾಯ. ಆಮೇಲೆ ಪೊಟ್ಯಾಶಿಯಂ ಕ್ಲೋರೈಡ್ ದ್ರಾವಣದಲ್ಲಿ ಕನಿಷ್ಠ ಒಂದು ಗಂಟೆ.

ಎರಡು ತೊಟ್ಟಿಗಳ ನಡುವಿನ ಬಿಡುವಿನಲ್ಲೂ ಅದೇ ದ್ರಾವಣದಲ್ಲೇ ಇರಲಿ. ಡಿಸ್ಟಿಲ್ಡ್ ವಾಟರ್‌ನಲ್ಲಿ ಇಟ್ಟರೆ ಒಳಗಿನ ಲವಣ ಹೊರಗೆ ಬಸಿದುಹೋಗಿ ಎಲೆಕ್ಟ್ರೋಡ್ ಸಾಯುತ್ತದೆ. ಸುಗ್ಗಿ ಮುಗಿದ ಮೇಲೆ ಟೋಪಿಯಲ್ಲಿ ದ್ರಾವಣ ತುಂಬಿಸಿ ನೆಟ್ಟಗೆ ನಿಲ್ಲಿಸಿಡಿ, ತಿಂಗಳಿಗೊಮ್ಮೆ ಆರಿದೆಯೇ ನೋಡಿ. ಇಷ್ಟು ಮಾಡಿದರೂ ಒಂದೆರಡು ಸುಗ್ಗಿಗಿಂತ ಹೆಚ್ಚು ನಿರೀಕ್ಷೆ ಬೇಡ.

ಹಂತ 5: ಅಂಕಿ ಸಂಗ್ರಹ

ಹತ್ತು ಸೆಕೆಂಡಿಗೊಮ್ಮೆ ಓದಿ, ಒಂದು ನಿಮಿಷದ ಆರು ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ ನಡುವಿನವೆರಡರ ಸರಾಸರಿ ತೆಗೆದುಕೊಳ್ಳಿ. ಆರರ ಸರಾಸರಿ ತೆಗೆದರೆ ಒಂದು ಹುಚ್ಚು ಅಂಕಿ ಎಲ್ಲವನ್ನೂ ಕೆಡಿಸುತ್ತದೆ. ಐದು ನಿಮಿಷಕ್ಕೊಮ್ಮೆ ಪಿಎಚ್, ತಾಪಮಾನ, ಸಮಯ ಮೂರನ್ನೂ ಮೊದಲು ಮೆಮೊರಿ ಕಾರ್ಡಿಗೆ ಬರೆಯಿರಿ. ಇಂಟರ್‌ನೆಟ್ಟಿಗೆ ಕಳಿಸುವುದು ಆಮೇಲಿನ ಮಾತು. ಡಿಎಸ್3231 ಗಡಿಯಾರ ಇಲ್ಲದಿದ್ದರೆ, ಕರೆಂಟ್ ಹೋಗಿ ಬಂದಾಗ ನೆಟ್‌ವರ್ಕ್ ಸಿಗದೆ ಬೋರ್ಡು ದಿನಾಂಕವನ್ನು 1970ರ ಜನವರಿ 1 ಎಂದು ಬರೆಯತೊಡಗುತ್ತದೆ. ಹುದುಗಿ ಎಷ್ಟು ಗಂಟೆಯಾಯಿತೆಂಬ ಲೆಕ್ಕವೇ ತಪ್ಪುತ್ತದೆ.

ತಾಪಮಾನ 85.0 ಎಂದು ಬಂದರೆ ತೊಟ್ಟಿ ಕುದಿಯುತ್ತಿಲ್ಲ. ಡಿಎಸ್18ಬಿ20 ಚಾಲೂ ಆದಾಗ ಕೊಡುವ ಮೊದಲ ಅಂಕಿ ಅದು. ಅಳತೆ ಮುಗಿಯಲು ಬೇಕಾದ 750 ಮಿಲಿಸೆಕೆಂಡ್ ಕಾಯದೆ ಓದಿದ್ದೀರಿ, ಇಲ್ಲವೇ ವಿದ್ಯುತ್ ತುಂಡಾಗಿ ಬರುತ್ತಿದೆ. ಮೈನಸ್ 127 ಬಂದರೆ ತಂತಿ ಕಡಿದಿದೆ. ಎರಡನ್ನೂ ಲೆಕ್ಕಕ್ಕೆ ಸೇರಿಸದೆ, ದೋಷವೆಂದೇ ಪ್ರತ್ಯೇಕ ಬರೆಯಿರಿ.

ಹಂತ 6: ಅಲಾರಂ ಇಲ್ಲದೆ ಮೊದಲ ತೊಟ್ಟಿಗಳು

ಈ ಹಂತವನ್ನು ಹಾರಿಸಿದವರೇ ಮತ್ತೆ ಮತ್ತೆ ಎಡವುವುದು. ಕನಿಷ್ಠ ಐದಾರು ತೊಟ್ಟಿ ಅಲಾರಂ ಇಲ್ಲದೆ ಓಡಿಸಿ. ರೈಟರ್ (ತೋಟದ ಗುಮಾಸ್ತ) ಕೈಲಿ ಒಂದು ಪುಸ್ತಕ ಕೊಟ್ಟು ನಾಲ್ಕು ಗಂಟೆಗೊಮ್ಮೆ ಮೂರು ಸಂಗತಿ ಬರೆಸಿ: ಪರದೆಯ ಅಂಕಿ, ಕೈಮೀಟರ್‌ನ ಅಂಕಿ, ಹಿಸುಕಿದಾಗ ಜಾರಿತೋ ಗರಗರ ಎಂದಿತೋ. ಕೊನೆಯ ಆರು ಗಂಟೆ ಪ್ರತಿ ಗಂಟೆಗೂ.

ಗಮನಿಸಬೇಕಾದದ್ದು ಹೀಗಿರುತ್ತದೆ. ತಾಜಾ ಲೋಳೆಯ ಪಿಎಚ್ 5.5ರಿಂದ 6ರ ಆಸುಪಾಸು. ಮೊದಲ ಕೆಲವು ಗಂಟೆ ಹೆಚ್ಚು ಕದಲುವುದಿಲ್ಲ, ಆಮೇಲೆ ಚುರುಕಾಗಿ ಇಳಿಯುತ್ತದೆ, 4.6–4.3 ಹೊತ್ತಿಗೆ ಇಳಿಕೆ ನಿಧಾನವಾಗುತ್ತದೆ. ಲೋಳೆ ಬಿಡುವುದು ಸಾಮಾನ್ಯವಾಗಿ ಈ ನಿಧಾನದ ಹೊತ್ತಿನಲ್ಲಿ. 4ರ ಹತ್ತಿರ ಹೋಗಲು ಬಿಟ್ಟರೆ ಹುಳಿ ಬೀಜಕ್ಕೆ ಇಳಿಯುವ ಅಪಾಯ. ನಿಮ್ಮ ತೊಟ್ಟಿಯಲ್ಲಿ ಗರಗರ ಎಂದ ಗಳಿಗೆಯ ಪಿಎಚ್ ಎಷ್ಟಿತ್ತೋ ಅದೇ ನಿಮ್ಮ ಅಂಕಿ. ಪಕ್ಕದ ತೋಟದ್ದನ್ನು ತರಬೇಡಿ. ತಳಿ, ಹಣ್ಣಿನ ಮಾಗುವಿಕೆ, ನೀರು, ಎತ್ತರ ಎಲ್ಲವೂ ಅದನ್ನು ಕದಲಿಸುತ್ತವೆ.

ಬರೀ ಅಂಕಿ ನಂಬಬಾರದೆನ್ನಲು ಬಲವಾದ ಕಾರಣ ಪಲ್ಪರ್‌ನ ಮರುಬಳಕೆ ನೀರು. ಅದು ಮೊದಲೇ ಹುಳಿ. ಆ ನೀರಿನಲ್ಲಿ ಪಲ್ಪ್ ಮಾಡಿದ ತೊಟ್ಟಿ 5ರ ಕೆಳಗಿನಿಂದಲೇ ಶುರುವಾಗಬಹುದು. 4.5ಕ್ಕೆ ಅಲಾರಂ ಇಟ್ಟಿದ್ದರೆ ಲೋಳೆ ಬಿಡುವ ಎಷ್ಟೋ ಮುಂಚೆ ಹೊಡೆದುಬಿಡುತ್ತದೆ. ಹಾಗಾಗಿ ಗಂಟೆಗೆ ಎಷ್ಟು ಇಳಿಯಿತು ಎಂಬ ಲೆಕ್ಕವೂ ಜೊತೆಗಿರಬೇಕು: ಎರಡು ಗಂಟೆ ಹಿಂದಿನ ಪಿಎಚ್‌ನಿಂದ ಈಗಿನದನ್ನು ಕಳೆದು ಎರಡರಿಂದ ಭಾಗಿಸಿ.

ಇನ್ನೆರಡು ತಪ್ಪು ಇದೇ ಹೊತ್ತಿಗೆ ಹೊರಬೀಳುತ್ತವೆ. ಪಲ್ಪಿಂಗ್ ಐದಾರು ಗಂಟೆ ನಡೆದರೆ ಮೊದಲ ಬೀಜಕ್ಕೂ ಕೊನೆಯ ಬೀಜಕ್ಕೂ ಅಷ್ಟೇ ಅಂತರ. ಗಂಟೆ ಎಣಿಕೆಯನ್ನು ಕೊನೆಯ ಬೀಜ ಬಿದ್ದಾಗಿನಿಂದ ಶುರುಮಾಡಿ. ನಿನ್ನೆಯ ಅರ್ಧ ತೊಟ್ಟಿಯ ಮೇಲೆ ಇವತ್ತಿನದು ಸುರಿದರೆ ಯಾವ ಸೆನ್ಸರೂ ಕಾಪಾಡಲಾರದು. ಹಾಗೆಯೇ ತೊಟ್ಟಿಯ ಮೂಲೆಯಲ್ಲಿ ಹಳೆಯ ಲೋಳೆ ಉಳಿದಿದ್ದರೆ ಅದು ಹೆಪ್ಪಿನಂತೆ ಕೆಲಸ ಮಾಡಿ ಮುಂದಿನ ತೊಟ್ಟಿಯನ್ನು ಬೇಗ ಹುಳಿಸುತ್ತದೆ.

ಹಂತ 7: ಅಲಾರಂ

ಮೂರು ಮೆಟ್ಟಿಲು ಇಡಿ. ನಿಮ್ಮ ಅಂಕಿಗಿಂತ 0.3 ಮೇಲಿರುವಾಗ ಎಚ್ಚರಿಕೆ: ನೀರು, ಜನ ಸಿದ್ಧ ಮಾಡಿಕೊಳ್ಳಲು. ನಿಮ್ಮ ಅಂಕಿ ಮುಟ್ಟಿ, ಇಳಿಕೆ ಗಂಟೆಗೆ 0.03ಕ್ಕಿಂತ ಕಡಿಮೆಯಾದಾಗ ಎರಡನೆಯದು: ಹೋಗಿ ಕೈಪರೀಕ್ಷೆ ಮಾಡಲು. ನಿಮ್ಮ ಅಂಕಿಗಿಂತ 0.2 ಕೆಳಗಿಳಿದರೆ ಇಳಿಕೆಯ ವೇಗ ನೋಡದೆ ಮೂರನೆಯದು. ಇವುಗಳ ಜೊತೆ ಪಿಎಚ್‌ಗೆ ಸಂಬಂಧವೇ ಇಲ್ಲದ ಗಡಿಯಾರದ ಅಲಾರಂ ಒಂದು: 20 ಗಂಟೆಯಾದ ಕೂಡಲೇ, ಆಮೇಲೆ ಎರಡೆರಡು ಗಂಟೆಗೆ. ಸೆನ್ಸರ್ ಸತ್ತರೂ ಕಾಫಿ ಉಳಿಸುವುದು ಇದೇ.

ಸೆನ್ಸರ್ ಕೆಟ್ಟಿದೆ ಎಂದು ಹೇಳುವ ಅಲಾರಂ ಕೂಡ ಅಷ್ಟೇ ಮುಖ್ಯ. ಎಂಟನೇ ಗಂಟೆಯಿಂದ ಈಚೆಗೆ ಪಿಎಚ್ ಇನ್ನೂ 5ರ ಮೇಲಿದ್ದು ಮೂರು ಗಂಟೆ 0.02 ಕೂಡ ಕದಲದಿದ್ದರೆ ಬುರುಡೆಗೆ ಪದರ ಕಟ್ಟಿದೆ ಅಥವಾ ಪೈಪಿನೊಳಗೆ ದ್ರವ ನಿಂತಿದೆ. ಒಂದು ನಿಮಿಷದಲ್ಲಿ 0.3 ಜಿಗಿದರೆ ವಿದ್ಯುತ್ ತೊಂದರೆ. ಯಾವಾಗಲೂ 7.0 ಎಂದರೆ ಬುರುಡೆ ಒಡೆದಿದೆ ಅಥವಾ ಜೋಡಣೆ ಶಾರ್ಟ್ ಆಗಿದೆ.

ಸದ್ದು ಮೊದಲು, ಫೋನ್ ಆಮೇಲೆ. ರೈಟರ್ ಮನೆಗೆ ಎರಡು ಎಳೆ ತಂತಿ ಎಳೆದು ಸೈರನ್ ಹಾಕುವುದಕ್ಕಿಂತ ಭರವಸೆಯ ದಾರಿ ಮಲೆನಾಡಿನಲ್ಲಿಲ್ಲ. ಎಸ್‌ಎಂಎಸ್ ಬೇಕೆಂದರೆ ಸಿಮ್800ಎಲ್ ಮಾಡ್ಯೂಲ್ 2ಜಿ ಮಾತ್ರ ಬಲ್ಲದು. ಜಿಯೋ ಸಿಮ್ ಅದರಲ್ಲಿ ನಡೆಯುವುದಿಲ್ಲ. ಸಂದೇಶ ಕಳಿಸುವ ಗಳಿಗೆಯಲ್ಲಿ ಅದು 2 ಆಂಪಿಯರ್‌ವರೆಗೆ ಎಳೆಯುತ್ತದೆ, ಸಣ್ಣ ರೆಗ್ಯುಲೇಟರ್ ಕೊಟ್ಟರೆ ಸರಿಯಾಗಿ ಅಲಾರಂ ಹೊತ್ತಿಗೇ ರೀಸೆಟ್ ಆಗುತ್ತದೆ. ಶೆಡ್ಡಿನಿಂದ ಬಂಗಲೆಗೆ ಲೋರಾ ರೇಡಿಯೋ (ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಅಂಕಿ ಕಳಿಸುವುದು) ಬಳಸುವವರು ಪರವಾನಗಿ ಬೇಡದ 865–867 ಮೆಗಾಹರ್ಟ್ಸ್‌ನ ಮಾಡ್ಯೂಲನ್ನೇ ಕೊಳ್ಳಿ. ನೆರಳಿನ ಮರ, ದಿಣ್ಣೆ ಅಡ್ಡ ಬಂದರೆ ದೂರ ತೀರಾ ಕುಗ್ಗುತ್ತದೆ; ಆಂಟೆನಾ ಮಾಡಿನ ಮೇಲೆ ಇರಲಿ.

ಹುದುಗು ತೊಟ್ಟಿಗೆ ತಾನೇ ನೀರು ಬಿಟ್ಟು ತೊಳೆಯುವ ವಾಲ್ವ್ ಜೋಡಿಸಬೇಡಿ. ಕೈಪರೀಕ್ಷೆಯಿಲ್ಲದೆ ಶುರುವಾದ ತೊಳೆತವನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದು. ತಾನೇತಾನಾಗಿ ನಡೆಸಲು ಯೋಗ್ಯವಾದ ಕೆಲಸ ಮುಂದಿನದು.

ಹಂತ 8: ತ್ಯಾಜ್ಯ ನೀರಿಗೆ ಸುಣ್ಣದ ಪಂಪ್

ಪಲ್ಪರ್ ಮತ್ತು ತೊಳೆದ ನೀರು ಹುಳಿ, ಸಕ್ಕರೆ, ಪೆಕ್ಟಿನ್ ತುಂಬಿದ್ದು. ಹಳ್ಳಕ್ಕೆ ಬಿಟ್ಟರೆ ನೀರಿನ ಆಮ್ಲಜನಕವನ್ನೇ ತಿಂದುಹಾಕುತ್ತದೆ. ನಮ್ಮ ಹಳ್ಳಗಳು ಹೋಗಿ ಸೇರುವುದು ಹೇಮಾವತಿ, ಯಗಚಿ, ಭದ್ರಾಗಳಿಗೆ. ಕೆಳಗಿನ ಊರುಗಳ ಜನ ಅದನ್ನು ಕುಡಿಯುತ್ತಾರೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ನಿಮ್ಮ ಒಪ್ಪಿಗೆ ಪತ್ರದಲ್ಲಿ ಕೊಟ್ಟ ಷರತ್ತು ನೋಡಿಕೊಂಡೇ ಮುಂದಿನದನ್ನು ಮಾಡಿ.

ಹುಳಿ ಮುರಿಯಲು ಸುಣ್ಣ ಎಷ್ಟು ಬೇಕೆಂದು ತಿಳಿಯಲು ಮೊದಲು ಬಕೆಟ್ ಪರೀಕ್ಷೆ. 10 ಲೀಟರ್ ತ್ಯಾಜ್ಯ ನೀರಿಗೆ, ಲೀಟರಿಗೆ 50 ಗ್ರಾಂ ಅರಳಿದ ಸುಣ್ಣ ಕಲಸಿದ ಹಾಲನ್ನು 20 ಮಿಲಿಲೀಟರ್‌ನಂತೆ ಹಾಕುತ್ತಾ, ಪ್ರತಿ ಸಲ ಎರಡು ನಿಮಿಷ ಕಲಕಿ, ಮೂರು ನಿಮಿಷ ಬಿಟ್ಟು ಪಿಎಚ್ ಬರೆಯಿರಿ. ಉದಾಹರಣೆಗೆ 6.8 ಮುಟ್ಟಲು 200 ಮಿಲಿಲೀಟರ್ ಹಿಡಿದರೆ, ಅದು 10 ಗ್ರಾಂ ಸುಣ್ಣ, ಅಂದರೆ ಲೀಟರಿಗೆ 1 ಗ್ರಾಂ; 5,000 ಲೀಟರ್ ತೊಟ್ಟಿಗೆ 5 ಕೆಜಿ.

ಬರೆದ ಅಂಕಿಗಳನ್ನು ನೋಡಿದರೆ ಇಡೀ ನಿಯಂತ್ರಣದ ತೊಡಕು ಕಾಣುತ್ತದೆ. 4ರಿಂದ 5.5ರವರೆಗೆ ಸುಣ್ಣ ಹಾಕಿದಷ್ಟೂ ಪಿಎಚ್ ಮೆಲ್ಲಗೆ ಏರುತ್ತದೆ, ಏಕೆಂದರೆ ಲ್ಯಾಕ್ಟಿಕ್ ಮತ್ತು ಅಸಿಟಿಕ್ ಆಮ್ಲಗಳು ಅಲ್ಲಿ ತಡೆ ಒಡ್ಡುತ್ತವೆ. ಅದು ಮುಗಿದ ಕೂಡಲೇ ಸ್ವಲ್ಪ ಸುಣ್ಣಕ್ಕೇ ಪಿಎಚ್ 8, 9 ದಾಟಿ ಹಾರುತ್ತದೆ. ಜೊತೆಗೆ ಸುಣ್ಣ ಕರಗುವುದು ನಿಧಾನ, ಪಂಪ್ ನಿಂತ ಮೇಲೂ ಪಿಎಚ್ ಏರುತ್ತಲೇ ಇರುತ್ತದೆ. "6.8 ಆಗುವವರೆಗೆ ಪಂಪ್ ಓಡಲಿ" ಎಂದು ಬರೆದ ಪ್ರೋಗ್ರಾಂ ಪ್ರತಿ ಸಲವೂ ಅಳತೆ ಮೀರುವುದು ಇದಕ್ಕೇ.

ಹೀಗೆ ನಡೆಸಿ. ತೊಟ್ಟಿ ತುಂಬಿ ಒಳಹರಿವು ನಿಂತ ಮೇಲೆ, ಕಲಕುವ ಮೋಟರ್ ಓಡುತ್ತಿರುವಾಗ ಮಾತ್ರ, ಬಕೆಟ್ ಪರೀಕ್ಷೆಯ 70 ಶೇಕಡಾ ಸುಣ್ಣವನ್ನು ಒಂದೇ ಸಲಕ್ಕೆ ಪಂಪ್ ಮಾಡಿ. ಲೀಟರಿಗೆ 100 ಗ್ರಾಂ ಸುಣ್ಣದ ಹಾಲನ್ನು ನಿಮಿಷಕ್ಕೆ 2 ಲೀಟರ್ ಎತ್ತುವ ಪಂಪ್ ಆದರೆ 3.5 ಕೆಜಿಗೆ 17 ನಿಮಿಷ ಚಿಲ್ಲರೆ. ಹದಿನೈದು ನಿಮಿಷ ಕಲಕಲು ಬಿಡಿ. ಆಮೇಲೆ 20 ಸೆಕೆಂಡ್ ಪಂಪ್, ಸುಮಾರು 67 ಗ್ರಾಂ, ನಾಲ್ಕು ನಿಮಿಷಕ್ಕೊಮ್ಮೆ ಅಳತೆ, 6.5ಕ್ಕಿಂತ ಕಡಿಮೆಯಿದ್ದರೆ ಮತ್ತೆ 20 ಸೆಕೆಂಡ್. ಉಳಿದ ಒಂದೂವರೆ ಕೆಜಿ ಪೂರ್ತಿ ಬೇಕಾದರೂ ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. 6.5ಕ್ಕೆ ನಿಲ್ಲಿಸಿ, ಮಿಕ್ಕದ್ದು ಕರಗುತ್ತಾ ತಾನೇ 7ರ ಹತ್ತಿರ ಹೋಗುತ್ತದೆ.

ಒಟ್ಟು ಸುಣ್ಣ ಬಕೆಟ್ ಲೆಕ್ಕದ 130 ಶೇಕಡಾ ದಾಟಿದರೆ ಪಿಎಚ್ ಏನೇ ಹೇಳಲಿ ಪಂಪ್ ನಿಂತು ಸೈರನ್ ಹೊಡೆಯಬೇಕು. ಪದರ ಕಟ್ಟಿದ ಎಲೆಕ್ಟ್ರೋಡ್ ಚೀಲಗಟ್ಟಲೆ ಸುಣ್ಣ ಸುರಿಸುವುದನ್ನು ತಡೆಯುವುದು ಈ ಒಂದು ಸಾಲು. ಅಳತೆ ಬರದಿದ್ದರೂ ಪಂಪ್ ನಿಲ್ಲಬೇಕು. ಬೋರ್ಡು ರೀಸೆಟ್ ಆದಾಗ ಪಂಪಿನ ರಿಲೇ (ಬೋರ್ಡು ನಡೆಸುವ ಸ್ವಿಚ್) ಆಫ್ ಸ್ಥಿತಿಯಲ್ಲೇ ಏಳುವಂತೆ ನೋಡಿಕೊಳ್ಳಿ.

ಸುಣ್ಣದ ಹಾಲನ್ನು ಸೋಸಿಯೇ ಹಾಕಿ, ಡ್ರಮ್ ಸದಾ ಕಲಕುತ್ತಿರಲಿ. ಅರ್ಧ ಗಂಟೆ ನಿಂತರೆ ತಳ ಕಟ್ಟಿ ಪೈಪ್ ಮುಚ್ಚುತ್ತದೆ. ಪ್ರತಿ ಸಲ ಮುಗಿದ ಮೇಲೆ ಪಂಪಿನಲ್ಲಿ ಬರೀ ನೀರು ಓಡಿಸಿ. ಇಲ್ಲಿನ ಎಲೆಕ್ಟ್ರೋಡಿಗೆ ಬಿಳಿ ಸುಣ್ಣದ ಹೊಪ್ಪಳೆ ಕಟ್ಟುವುದರಿಂದ ಆಮ್ಲದ ಸ್ನಾನ ವಾರಕ್ಕೆ ಎರಡು ಸಲ ಬೇಕು. ಸುಣ್ಣ ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಕಲಸುವವರಿಗೆ ಕನ್ನಡಕ, ಕೈಗವಸು ಕೊಡದೆ ಕೆಲಸ ಹೇಳಬೇಡಿ. ಬಿದ್ದರೆ ಕೂಡಲೇ ಹರಿಯುವ ನೀರಿನಲ್ಲಿ ಹದಿನೈದು ನಿಮಿಷಕ್ಕೆ ಕಡಿಮೆಯಿಲ್ಲದೆ ತೊಳೆದು ಆಸ್ಪತ್ರೆಗೆ.

ಈ ನೀರನ್ನು ಬಯೋಗ್ಯಾಸ್ ಗುಂಡಿಗೆ ಕಳಿಸುವವರು ಗುಂಡಿಯ ಹೊರಹರಿವಿನಲ್ಲೂ ದಿನಕ್ಕೆರಡು ಸಲ ಪಿಎಚ್ ನೋಡಿ. ಮೀಥೇನ್ ಮಾಡುವ ಸೂಕ್ಷ್ಮಜೀವಿಗಳಿಗೆ 6.8ರಿಂದ 7.4 ಹಿತ. 6.5ಕ್ಕೆ ಇಳಿದರೆ ಸುಣ್ಣ ಸುರಿಯುವ ಮುಂಚೆ ಒಳಹರಿವು ನಿಲ್ಲಿಸಿ. ಜೀವಿಗಳು ತಿನ್ನುವುದಕ್ಕಿಂತ ಹೆಚ್ಚು ಬಡಿಸಿದ್ದೀರಿ. ಗುಂಡಿಯೊಳಗೆ ಸೆನ್ಸರ್ ಬಿದ್ದರೆ ತೆಗೆಯಲು ಯಾರನ್ನೂ ಇಳಿಸಬೇಡಿ. ಅಲ್ಲಿ ಕೂಡುವ ಹೈಡ್ರೋಜನ್ ಸಲ್ಫೈಡ್ ಮತ್ತು ಇಂಗಾಲದ ಡೈಆಕ್ಸೈಡ್ ನಿಮಿಷದಲ್ಲಿ ಪ್ರಾಣ ತೆಗೆಯುತ್ತವೆ. ಹೊಸ ಸೆನ್ಸರ್ ಕೊಂಡುಕೊಳ್ಳಿ.